ಹಣ್ಣು ಮೇಲೆ, ಕೈ ಕೆಳಗೆ: ಹಳೆಯ ಪೇರಲ, ಮಾವಿಗೆ ಗರಗಸ ಹಚ್ಚುವ ಮುನ್ನ

‘ಏ ತಂಗಿ, ಗಿಡದ ತುಂಬ ಹಣ್ಣ ಅದಾವ. ಆದ್ರ ಒಂದೂ ಕೈಗೆ ಬರವಲ್ವು ನೋಡು. ಎಲ್ಲಾ ಗಿಳಿ, ಬಾವಲಿ ಪಾಲು.’

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಪಕ್ಕದ ಮನೆಯ ವೈನಿ ಪ್ರತಿ ವರ್ಷ ಚಳಿಗಾಲದಲ್ಲಿ ಹೇಳುವ ಮಾತು ಇದು. ಅವರ ಹಿತ್ತಲಿನ ಪೇರಲ ಗಿಡ ಈಗ ಎರಡನೇ ಮಹಡಿಯ ಕಿಟಕಿಯಲ್ಲಿ ಇಣುಕುತ್ತದೆ. ಕೆಳಗೆ ನೆರಳು, ಪಾಚಿ, ಕೊಳೆತ ಹಣ್ಣು, ನೊಣ. ಹಳೆಯ ಬಂಗಲೆಗಳ ಹಿತ್ತಲುಗಳಲ್ಲಿ ಇದು ಎಲ್ಲರ ಮನೆಯ ಕಥೆ. ಅತ್ತೆಯೋ ಅಜ್ಜಿಯೋ ಹಚ್ಚಿದ ಗಿಡ. ಕಡಿಯಲು ಮನಸ್ಸಿಲ್ಲ, ಬಿಟ್ಟರೆ ಪ್ರಯೋಜನವಿಲ್ಲ.

ನಮ್ಮ ಕಡೆ ಈ ಹಣ್ಣಿಗೆ ‘ಪೇರು’ ಎಂದೂ ಹೇಳುತ್ತಾರಲ್ಲ, ಆ ಹೆಸರು ಪೋರ್ಚುಗೀಸರ ‘ಪೇರಾ’ ಎಂಬ ಶಬ್ದದಿಂದ ಬಂತು ಎನ್ನುತ್ತಾರೆ. ಅವರ ಭಾಷೆಯಲ್ಲಿ ಪೇರಾ ಎಂದರೆ ನಾಸ್ಪತಿ, ಅದೇ ಪಿಯರ್ ಹಣ್ಣು. ಅಮೆರಿಕದ ಉಷ್ಣ ಸೀಮೆಯ ಈ ಗಿಡ ಗೋವಾದ ಹಾದಿಯಲ್ಲಿ ನಮ್ಮಲ್ಲಿಗೆ ಬಂದಾಗ ಹಣ್ಣಿನ ಆಕಾರ ನೋಡಿ ಆ ಹೆಸರು ಅಂಟಿತಂತೆ. ನಿಜವಾದ ನಾಸ್ಪತಿಗೆ ಕೊಡೈಕೆನಾಲ್‌ನಂಥ ಚಳಿ ಬೇಕು, ಬೆಳಗಾವಿಯ ಚಳಿ ಅದಕ್ಕೆ ಸಾಲದು. ಹಾಗಾಗಿ ನಮ್ಮ ಹಿತ್ತಲಿನ ನಾಸ್ಪತಿ ಎಂದರೆ ಪೇರಲವೇ. ಅದರ ಜೊತೆಗೆ ಮಾವು. ಇವೆರಡರ ವಿಚಾರವನ್ನೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಎರಡರಲ್ಲೂ ನಾನು ಪಾಠ ಕಲಿತಿದ್ದೇನೆ. ಒಂದರಲ್ಲಿ ಕೈ ಸುಟ್ಟುಕೊಂಡು, ಇನ್ನೊಂದರಲ್ಲಿ ಅವ್ವನ ಬೈಗುಳ ತಿಂದು.

ಮೊದಲು ನನ್ನ ತಪ್ಪು

2017ರ ಜುಲೈ. ಬಿಡದೆ ಜಿಟಿಜಿಟಿ ಮಳೆ. ನಮ್ಮ ಪೇರಲದ ಟೊಂಗೆಗಳು ಗೋಡೆ ದಾಟಿ ಪಕ್ಕದವರ ಗಚ್ಚಿಯ ಮೇಲೆ ಎಲೆ ಉದುರಿಸುತ್ತಿದ್ದವು. ಗಟಾರ ತೆಗೆಯಲು ಬಂದಿದ್ದ ಆಳಿನ ಕೈಯಲ್ಲಿ ಕೊಡಲಿ ಕಂಡಿತು. ‘ಇದನ್ನೂ ಒಂದಿಷ್ಟು ಸವರಿಬಿಡಪ್ಪಾ’ ಎಂದೆ. ಅರ್ಧ ತಾಸಿನಲ್ಲಿ ಗಿಡ ಬೋಳಾಯಿತು. ಒಂದು ಎಲೆಯೂ ಉಳಿಯಲಿಲ್ಲ. ಹಿತ್ತಲಿಗೆ ಬೆಳಕು ಬಂತೆಂದು ನಾನು ಖುಷಿಪಟ್ಟೆ ಕೂಡ!

ಗಣೇಶ ಚೌತಿಯ ಹೊತ್ತಿಗೆ ಮೂರು ದೊಡ್ಡ ಟೊಂಗೆಗಳಲ್ಲಿ ಒಂದು ಕಪ್ಪಗಾಯಿತು. ಕೊಡಲಿ ಏಟಿಗೆ ಸೀಳಿದ ತೊಗಟೆಯ ಸಂದಿಯಲ್ಲಿ ನೀರು ನಿಂತು ಕೊಳೆಯಿತು, ಮುಂದೆ ಅಣಬೆ ಮೂಡಿತು. ಉಳಿದ ಎರಡು ಟೊಂಗೆಗಳ ತುದಿಯಲ್ಲಿ ಕಸಬರಿಗೆಯಂತೆ ಚಿಗುರೋ ಚಿಗುರು. ಗಿಡ ಚಿಗುರಿತಲ್ಲ ಎಂದು ಎಲ್ಲವನ್ನೂ ಹಾಗೇ ಬಿಟ್ಟೆ. ಮರುವರ್ಷ ಪೊದೆ ಬೆಳೆಯಿತು, ಹಣ್ಣು ಬರಲಿಲ್ಲ.

ತಪ್ಪು ಆಳಿನದಲ್ಲ, ನನ್ನದು. ಕಾಲ ತಪ್ಪು, ಆಯುಧ ತಪ್ಪು, ಅಳತೆಯೂ ತಪ್ಪು. ಎಲೆಯೇ ಗಿಡದ ಅಡುಗೆಮನೆ. ಅದನ್ನು ಪೂರ್ತಿ ಕಿತ್ತರೆ ಗಿಡ ಗಾಬರಿಬಿದ್ದು, ಬೇರಿನಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿ ನೆಟ್ಟಗೆ ಮೇಲಕ್ಕೆ ಚಿಗುರು ಎಸೆಯುತ್ತದೆ. ಅಂಥ ಚಿಗುರು ಎತ್ತರ ಓಡುತ್ತದೆ, ಬೇಗ ಫಲ ಕೊಡುವುದಿಲ್ಲ. ಹಾಗಾಗಿ ಮನೆ ಹಿತ್ತಲಿನ ಹಳೆ ಗಿಡಕ್ಕೆ ನಾನು ಈಗ ಪಾಲಿಸುವ ಲೆಕ್ಕ ಒಂದೇ: ಒಂದು ವರ್ಷಕ್ಕೆ ಮೂರರಲ್ಲಿ ಒಂದು ಪಾಲು. ಅದಕ್ಕಿಂತ ಹೆಚ್ಚು ಬೇಡ. ಮೂರು ವರ್ಷದ ಕೆಲಸ ಇದು, ಒಂದು ದಿನದ್ದಲ್ಲ.

ಪೇರಲ ಯಾವಾಗ?

ನಮ್ಮ ಹಿರಿಯರು ಪೇರಲದ ಹೂವಿಗೆ ಮೂರು ಬಹಾರ ಗುರುತಿಸಿದ್ದಾರೆ. ಫೆಬ್ರುವರಿ-ಮಾರ್ಚ್‌ನಲ್ಲಿ ಹೂ ಬಿಟ್ಟು ಮಳೆಗಾಲದಲ್ಲಿ ಹಣ್ಣಾಗುವುದು ಅಂಬೆ ಬಹಾರ. ಮಿರಗದ ಮಳೆಯೊಂದಿಗೆ ಜೂನ್-ಜುಲೈನಲ್ಲಿ ಹೂ ಬಿಟ್ಟು ಚಳಿಗಾಲದಲ್ಲಿ ಹಣ್ಣಾಗುವುದು ಮೃಗ ಬಹಾರ. ಹಸ್ತಾ ಮಳೆ ಮುಗಿಯುವಾಗ ಅಕ್ಟೋಬರ್‌ನಲ್ಲಿ ಹೂ ಬಿಡುವುದು ಹಸ್ತ ಬಹಾರ. ಮಳೆಗಾಲದ ಹಣ್ಣು ನೀರುನೀರು, ಒಳಗೆ ಹುಳ. ಚಳಿಗಾಲದ ಹಣ್ಣೇ ಗಟ್ಟಿ, ಸಿಹಿ. ನಿಮ್ಮ ಗಿಡ ಮಳೆಗಾಲದಲ್ಲಿ ರಾಶಿ ರಾಶಿ ಬಿಟ್ಟು ಚಳಿಗಾಲದಲ್ಲಿ ಸುಮ್ಮನಿದ್ದರೆ ಬೇಸರಪಡಬೇಡಿ. ಸರಿಯಾಗಿ ಸವರಿದರೆ ಅದನ್ನು ಚಳಿಗಾಲದ ಕಡೆಗೆ ತಿರುಗಿಸಬಹುದು.

ಯಾಕೆಂದರೆ ಪೇರಲ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಎಲೆಯ ಕಂಕುಳಲ್ಲಿ ಮೊಗ್ಗು ಬರುತ್ತದೆ. ಹಳೆಯ ಬೋಳು ಟೊಂಗೆಗೆ ಅದು ಬರುವುದಿಲ್ಲ. ಗಿಡ ಎತ್ತರ ಹೋದ ಹಾಗೆಲ್ಲ ಹೊಸ ಚಿಗುರು ಬಿಸಿಲು ಸಿಗುವ ತುದಿಯಲ್ಲೇ ಬರುತ್ತದೆ, ಹಣ್ಣೂ ಅಲ್ಲೇ. ಕೆಳಗೆ ಬಿಸಿಲು ಬಿಟ್ಟರೆ ಚಿಗುರೂ ಕೆಳಗೆ, ಹಣ್ಣೂ ಕೆಳಗೆ. ಸವರುವುದರ ಗುಟ್ಟೆಲ್ಲ ಇಷ್ಟೇ.

ಚಳಿಗಾಲದ ಹಣ್ಣು ತಿಂದು ಮುಗಿದ ಮೇಲೆ, ಫೆಬ್ರುವರಿಯಲ್ಲಿ ದೊಡ್ಡ ಟೊಂಗೆ ತೆಗೆಯಿರಿ. ನೀರಿನ ಅನುಕೂಲ ಇರಬೇಕು. ಬೇಸಿಗೆಯಲ್ಲಿ ನಿಮ್ಮ ಬೋರ್‌ವೆಲ್ ಬತ್ತುವುದಿದ್ದರೆ ಮೇ ತಿಂಗಳವರೆಗೆ ಕಾಯಿರಿ. ವಳವಿನ ಮಳೆ ಬಿದ್ದ ಮೇಲೆ, ಮಿರಗ ಶುರುವಾಗುವ ಮುನ್ನ ಮುಗಿಸಿ. ಜಡಿಮಳೆಯಲ್ಲಿ ಮಾತ್ರ ಬೇಡವೇ ಬೇಡ. ಬೆಳಗಾವಿಗಿಂತ ಖಾನಾಪುರದಲ್ಲಿ ಮಳೆ ಹೆಚ್ಚು, ಖಾನಾಪುರಕ್ಕಿಂತ ಜಾಂಬೋಟಿ, ಕಣಕುಂಬಿ ಕಡೆ ಇನ್ನೂ ಹೆಚ್ಚು. ಪಶ್ಚಿಮಕ್ಕೆ ಹೋದಷ್ಟೂ ಈ ಎಚ್ಚರ ಹೆಚ್ಚಿರಲಿ.

ಕೆಲಸ ಶುರುಮಾಡುವ ಮುನ್ನ ಒಂದೆರಡು ದಿನ ಚಹಾ ಕಪ್ಪು ಹಿಡಿದು ಗಿಡದ ಕೆಳಗೆ ನಿಂತು ನೋಡಿ. ಇದು ತಮಾಷೆಯ ಮಾತಲ್ಲ. ಒಣಗಿದ ಟೊಂಗೆ ಯಾವುದು, ಒಂದನ್ನೊಂದು ಉಜ್ಜುವುದು ಯಾವುದು, ಒಳಮುಖವಾಗಿ ಬೆಳೆದದ್ದು ಯಾವುದು ಎಂದು ಸುಣ್ಣದಿಂದ ಗುರುತು ಹಾಕಿ. ಮೊದಲು ಅವು ಹೋಗಲಿ. ಬುಡದಿಂದ ಎದ್ದ ಚಿಗುರುಗಳೂ ಹೋಗಲಿ. ಇಷ್ಟಕ್ಕೇ ಗಿಡ ಅರ್ಧ ಹಗುರಾಗುತ್ತದೆ. ಆಮೇಲೆ ನಡುವಿನ ಅತಿ ಎತ್ತರದ ಒಂದು ಟೊಂಗೆ ಆರಿಸಿ, ಅದನ್ನು ಕೆಳಗಿನ ಒಂದು ಗಟ್ಟಿ ಪಕ್ಕಟೊಂಗೆಯ ಮೇಲ್ಭಾಗಕ್ಕೆ ಕತ್ತರಿಸಿ. ಆ ಪಕ್ಕಟೊಂಗೆ ಕತ್ತರಿಸಿದ್ದರ ಮೂರರಲ್ಲಿ ಒಂದು ಪಾಲಿನಷ್ಟಾದರೂ ದಪ್ಪ ಇರಬೇಕು, ಇಲ್ಲವಾದರೆ ಅದಕ್ಕೆ ಯಜಮಾನಿಕೆ ನಿಭಾಯಿಸಲು ಆಗುವುದಿಲ್ಲ.

ಲಖನೌದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆಯವರು ಮುದಿ ಪೇರಲ ತೋಟಗಳಿಗೆ ಹೇಳುವ ವಿಧಾನ ಇನ್ನೂ ಖಡಕ್ಕು: ನೆಲದಿಂದ ಒಂದು, ಒಂದೂವರೆ ಮೀಟರ್‌ಗೆ ಇಡೀ ಗಿಡವನ್ನೇ ಇಳಿಸುವುದು. ಸಾಲು ತೋಟಕ್ಕೆ ಅದು ಸರಿ. ಹಿತ್ತಲಲ್ಲಿ ಇರುವುದೇ ಒಂದು ಗಿಡ, ಅದೂ ಎಷ್ಟು ವರ್ಷದ್ದೋ ಗೊತ್ತಿಲ್ಲ. ನಾನಂತೂ ಆ ಧೈರ್ಯ ಮಾಡುವುದಿಲ್ಲ.

ಚಿಗುರು ಬಂದ ಮೇಲೆ ನಿಜವಾದ ಕೆಲಸ ಇರುವುದು. ಪ್ರತಿ ಕಡಿತದ ಬಳಿ ಹತ್ತಾರು ಚಿಗುರು ಬರುತ್ತವೆ. ಹೊರಮುಖವಾಗಿ, ಒಂದಕ್ಕೊಂದು ದೂರ ಇರುವ ಮೂರು-ನಾಲ್ಕು ಉಳಿಸಿ. ಉಳಿದವನ್ನು ಎಳೆಯದಿರುವಾಗಲೇ ಬೆರಳಿನಿಂದ ಚಿವುಟಿ. ಉಳಿಸಿದ್ದು ಮೊಳದುದ್ದ, ಅಂದರೆ 40-50 ಸೆಂ.ಮೀ. ಬೆಳೆದಾಗ ಅರ್ಧಕ್ಕೆ ತುಂಡರಿಸಿ. ಅಲ್ಲಿಂದ ಕವಲು ಒಡೆಯುತ್ತದೆ, ಆ ಕವಲಿನಲ್ಲಿ ಮೊಗ್ಗು. ಈ ಒಂದು ಕೆಲಸ ಮಾಡಿದ್ದರೆ ನನ್ನ ಗಿಡ ಕಸಬರಿಗೆ ಆಗುತ್ತಿರಲಿಲ್ಲ.

ಒಂದು ಮಾತು. ಗಿಡದ ಎಲೆ ಹಳದಿಯಾಗಿ, ಟೊಂಗೆ ಟೊಂಗೆಯೇ ತುದಿಯಿಂದ ಒಣಗುತ್ತಾ ಬಂದಿದ್ದರೆ ಅದು ಸೊರಗು ರೋಗ ಇರಬಹುದು. ಮಣ್ಣಿನಿಂದ ಬರುವ ಈ ರೋಗಕ್ಕೆ ಸವರುವುದು ಮದ್ದಲ್ಲ. ಅಂಥ ಗಿಡಕ್ಕೆ ಹಚ್ಚಿದ ಗರಗಸವನ್ನು ಸ್ಪಿರಿಟ್‌ನಿಂದ ಒರೆಸದೆ ಬೇರೆ ಗಿಡಕ್ಕೆ ಹಚ್ಚಬೇಡಿ.

ಅವ್ವನ ಮಾವಿನ ಗಿಡ

ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರದಲ್ಲಿ ನನ್ನ ತವರುಮನೆ. ಅಪ್ಪ ಹಚ್ಚಿದ ನಾಟಿ ಮಾವು, ಅಡುಗೆಮನೆಯ ಹಿಂದೆ. ನಮ್ಮ ಮನೆಯ ಉಪ್ಪಿನಕಾಯಿ ಭರಣಿಗಳು ತುಂಬುತ್ತಿದ್ದದ್ದೇ ಅದರಿಂದ. ಅಪ್ಪ ಹೋದ ಮೇಲೆ ಅವ್ವ ಅಲ್ಲಿ ಒಬ್ಬಳೇ. ಗಿಡ ಬೆಳೆಯುತ್ತಾ ಹೆಂಚಿನ ಮೇಲೆ ಕೈ ಚಾಚಿತು. ನಾವು ಅಣ್ಣ-ತಂಗಿ ಹೋದಾಗಲೆಲ್ಲ ಅದೇ ಜಗಳ.

‘ನಿಮ್ಮಪ್ಪ ಹಚ್ಚಿದ ಗಿಡ ಅದು. ನಾ ಇರೂತನಾ ಅದಕ್ಕ ಕೊಡ್ಲಿ ಹಚ್ಚಬ್ಯಾಡ್ರಿ’ ಎನ್ನುವಳು ಅವ್ವ. ಮುಗಿಯಿತು, ಮುಂದೆ ಮಾತಿಲ್ಲ.

2019ರ ಆಗಸ್ಟ್ ಮಳೆ ಬೆಳಗಾವಿ ಜಿಲ್ಲೆಯವರು ಯಾರೂ ಮರೆಯುವಂಥದ್ದಲ್ಲ. ಒಂದು ರಾತ್ರಿ ದೊಡ್ಡ ಟೊಂಗೆ ಮುರಿದು ಅಡುಗೆಮನೆಯ ಮೇಲೆ ಬಿತ್ತು. ಜಂತಿ ಮುರಿಯಿತು, ಹೆಂಚು ಒಲೆಕಟ್ಟೆಯ ಮೇಲೆ ಬಿದ್ದವು. ಅವ್ವ ನಡುಮನೆಯಲ್ಲಿ ಮಲಗಿದ್ದಳು. ಎರಡು ತಾಸು ಮೊದಲಾಗಿದ್ದರೆ ಅವಳು ಆ ಒಲೆಯ ಮುಂದೆಯೇ ಕೂತಿರುತ್ತಿದ್ದಳು. ರಸ್ತೆಗಳ ಸ್ಥಿತಿಯಿಂದಾಗಿ ನಮಗೆ ಅಲ್ಲಿ ಮುಟ್ಟಲು ಎರಡು ದಿನ ಹಿಡಿಯಿತು. ಹೋದಾಗ ಅವ್ವ ಪಡಸಾಲೆಯಲ್ಲಿ ಸ್ಟೋ ಇಟ್ಟುಕೊಂಡು ಅನ್ನ ಮಾಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. ‘ಒಳಗ ಪೂರಾ ಪೊಳ್ಳ ಆಗಿತ್ತು ನೋಡವಾ ಅದು’ ಎಂದಳು, ಗಿಡದ ಪರವಾಗಿ ಕ್ಷಮೆ ಕೇಳಿದ ಹಾಗೆ.

ಮುರಿದ ಜಾಗ ನೋಡಿದೆವು. ಎಷ್ಟೋ ವರ್ಷ ಹಿಂದೆ ಯಾರೋ ಒಂದು ಟೊಂಗೆ ಕಡಿದು ಗೇಣುದ್ದ ಗೂಟ ಬಿಟ್ಟಿದ್ದರು. ಆ ಗೂಟ ಒಣಗಿ, ಕೊಳೆತು, ಅದೇ ದಾರಿಯಲ್ಲಿ ನೀರು ಒಳಗಿಳಿದಿತ್ತು. ಮೇಲ್ಗಡೆ ಬಾಂಡಗುಳ, ಅಂದರೆ ಬಂದಳಿಕೆ, ಗುಂಪುಗುಂಪಾಗಿ ಕೂತಿತ್ತು. ಖಾನಾಪುರ ಕಡೆ ಹಳೆ ಮಾವಿನಲ್ಲಿ ಇದು ಸಾಮಾನ್ಯ. ಸಣ್ಣ ಹಕ್ಕಿಗಳು ಇದರ ಹಣ್ಣು ತಿಂದು ಅಂಟುಬೀಜವನ್ನು ಟೊಂಗೆಗೆ ಒರೆಸುತ್ತವೆ. ಅದು ಅಲ್ಲೇ ಬೇರಿಳಿಸಿ ಗಿಡದ ನೀರು ಕುಡಿಯುತ್ತದೆ. ಎಲೆ ಕಿತ್ತರೆ ಮತ್ತೆ ಬರುತ್ತದೆ. ಅದು ಅಂಟಿದ ಗಂಟಿಗಿಂತ ಒಂದು ಅಡಿಯಷ್ಟು ಕೆಳಗೆ ಟೊಂಗೆಯನ್ನೇ ತೆಗೆಯಬೇಕು, ಬಂದಳಿಕೆ ಹಣ್ಣು ಬಿಡುವ ಮುನ್ನ.

ಇಡೀ ಗಿಡ ತೆಗೆಸಿಬಿಡೋಣ ಎಂದ ಅಣ್ಣ. ಈ ಸಲ ಬೇಡವೆಂದವಳು ನಾನು. ಬುಡ ಗಟ್ಟಿಯಿತ್ತು, ಕೊಡಲಿ ತಲೆಯಿಂದ ತಟ್ಟಿದರೆ ಪೊಳ್ಳು ಸದ್ದು ಬರಲಿಲ್ಲ. ಉಳಿದ ನಾಲ್ಕು ಟೊಂಗೆಗಳನ್ನು ವರ್ಷಕ್ಕೊಂದರಂತೆ ಇಳಿಸುವುದೆಂದು ತೀರ್ಮಾನವಾಯಿತು. ದೀಪಾವಳಿ ಮುಗಿದು, ಮಳೆ ಪೂರ್ತಿ ಹೋಗಿ, ಬಿಸಿಲು ಬಿದ್ದ ಮೇಲೆ ಶುರುಮಾಡಿದೆವು. ಮಾವಿನ ದೊಡ್ಡ ಕಡಿತಕ್ಕೆ ನಮ್ಮ ಕಡೆ ದೀಪಾವಳಿಯಿಂದ ಸಂಕ್ರಾಂತಿಯೊಳಗಿನ ಒಣ ಹವೆಯೇ ಒಳ್ಳೆಯದು.

ಪೇರಲಕ್ಕೂ ಮಾವಿಗೂ ಇರುವ ವ್ಯತ್ಯಾಸ ಮರೆಯಬೇಡಿ. ಮಾವು ಹೂ ಬಿಡುವುದು ಬಲಿತ ಕಡ್ಡಿಯ ತುದಿಯಲ್ಲಿ. ಇಂದು ಬಂದ ಚಿಗುರು ಬಲಿಯಬೇಕು, ಆಮೇಲೆ ಹೂವು. ದೊಡ್ಡ ಟೊಂಗೆ ಇಳಿಸಿದರೆ ಅಲ್ಲಿ ಮತ್ತೆ ಕಾಯಿ ಕಾಣಲು ಎರಡು-ಮೂರು ವರ್ಷ. ಒಂದೇ ಸಲ ಎಲ್ಲ ಕಡಿದರೆ ಅಷ್ಟು ವರ್ಷವೂ ಉಪ್ಪಿನಕಾಯಿ ಭರಣಿ ಖಾಲಿ! ಒಂದೊಂದಾಗಿ ಇಳಿಸಿದರೆ ಉಳಿದ ಟೊಂಗೆಗಳು ಬಿಡುತ್ತಲೇ ಇರುತ್ತವೆ. ಅವ್ವನನ್ನು ಒಪ್ಪಿಸಿದ್ದು ಈ ಮಾತೇ.

ಮೂರು ಕಡಿತ, ಒಂದು ಬಳೆ

ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ, ಅರ್ಧ ಕೊಯ್ಯುವಷ್ಟರಲ್ಲಿ ಅದರ ಭಾರಕ್ಕೆ ಅದೇ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಆದ್ದರಿಂದ ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೆಳಗಡೆಯಿಂದ ಮೂರರಲ್ಲಿ ಒಂದು ಪಾಲು ಆಳ. ಆಮೇಲೆ ಅದಕ್ಕಿಂತ ಎರಡು ಬೆರಳು ಆಚೆ, ಮೇಲಿನಿಂದ ಪೂರ್ತಿ. ಟೊಂಗೆ ಸ್ವಚ್ಛವಾಗಿ ಬೀಳುತ್ತದೆ. ಕೊನೆಗೆ ಉಳಿದ ಗೂಟ.

ಗೂಟ ಎಲ್ಲಿ ಕೊಯ್ಯಬೇಕು ಎಂಬುದೇ ಮುಖ್ಯ. ಟೊಂಗೆ ಕಾಂಡಕ್ಕೆ ಸೇರುವಲ್ಲಿ ಕೈಗೆ ಹಾಕಿದ ಬಳೆಯಂತೆ ಒಂದು ಉಬ್ಬು ಕಾಣುತ್ತದೆ, ಸುಕ್ಕುಸುಕ್ಕಾಗಿ. ಆ ಬಳೆಗೆ ತಾಗದಂತೆ, ಅದರ ಹೊರಗೆ ಕೊಯ್ಯಿರಿ. ಗಿಡದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಅದು ಕೆಟ್ಟ ಭಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿಕೊಂಡು, ಹೊರಗಿನಿಂದ ಹೊಸ ತೊಗಟೆ ಹರಡುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಕಂಡುಕೊಂಡ ಸಂಗತಿ ಇದು. ಆ ಗೋಡೆ ಕಟ್ಟುವ ಶಕ್ತಿ ಇರುವುದು ಆ ಬಳೆಯಲ್ಲಿ. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ಬಳೆ ಹೋಯಿತು. ಗೂಟ ಬಿಟ್ಟರೆ ತೊಗಟೆ ಅದನ್ನು ದಾಟಲಾರದು. ಅಪ್ಪನ ಗಿಡ ಪೊಳ್ಳಾದದ್ದು ಹೀಗೇ.

ಸಣ್ಣ ಗಾಯಗಳಿಗೆ ಏನೂ ಹಚ್ಚಬೇಕಾಗಿಲ್ಲ. ಬಳೆಯಿಲ್ಲದ ಜಾಗದಲ್ಲಿ ಮಾವಿನ ತಲೆಯನ್ನೇ ಇಳಿಸಿದಾಗ, ಅದೂ ನಮ್ಮಂಥ ಮಳೆಸೀಮೆಯಲ್ಲಿ, ಬೋರ್ಡೋ ಮುಲಾಮು ಹಚ್ಚುವುದು ವಾಡಿಕೆ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಸೋಸಿ. ಎರಡನ್ನೂ ಕೂಡಿಸಿ ಕಲಕಿ. ಹಳೆಯ ಕಬ್ಬಿಣದ ಚಾಕು ಅದ್ದಿ ನೋಡಿ. ಚಾಕುವಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು. ಪ್ಲಾಸ್ಟಿಕ್ ಬಕೆಟ್ ಅಥವಾ ಮಣ್ಣಿನ ಪಾತ್ರೆಯಲ್ಲೇ ಮಾಡಿ, ಅಂದೇ ಬಳಸಿ. ಅಡುಗೆಮನೆಯ ಪಾತ್ರೆ ಬೇಡ, ಮೈಲುತುತ್ತ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ, ಕೈಗೆ ಗವಸು ಹಾಕಿ. (ಈ ಮುಲಾಮಿನ ಹುಟ್ಟೂ ಒಂದು ಸ್ವಾರಸ್ಯ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲವೆಂಬುದನ್ನು 1880ರ ದಶಕದಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿದರು.) ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರು ತಾಜಾ ಸೆಗಣಿ ಮೆತ್ತಬಹುದು, ಅದಕ್ಕೂ ತೋಟಗಾರಿಕೆಯವರ ಒಪ್ಪಿಗೆ ಇದೆ.

ಇದುವರೆಗೆ ನೆರಳಲ್ಲಿದ್ದ ತೊಗಟೆಗೆ ಒಮ್ಮೆಲೇ ಬಿಸಿಲು ಬಿದ್ದರೆ ಸುಟ್ಟು ಬಿರಿಯುತ್ತದೆ. ತೆಳುವಾಗಿ ಸುಣ್ಣ ಬಳಿಯಿರಿ. ಮಾವಿನ ಕಾಂಡದ ಬುಡದಲ್ಲಿ ಮರದ ಹೊಟ್ಟಿನಂಥ ಪುಡಿ ಉದುರಿದ್ದು ಕಂಡರೆ ಕಾಂಡಕೊರಕ ಹುಳ ಒಳಗಿದೆ ಎಂದರ್ಥ. ಸೈಕಲ್ ತಂತಿಯಿಂದ ರಂಧ್ರ ಕೆದಕಿ ಹುಳ ಕೊಂದು, ಮಣ್ಣಿನಿಂದ ಮುಚ್ಚಿ. ಕಡಿದ ವರ್ಷ ಗಿಡಕ್ಕೆ ಬಾಣಂತಿಯ ಆರೈಕೆ ಬೇಕು. ಟೊಂಗೆಯ ನೆರಳು ಬೀಳುವ ಅಂಚಿನಲ್ಲಿ ಉಂಗುರದಂತೆ ಅಗೆದು ಎರಡು-ಮೂರು ಬುಟ್ಟಿ ಕೊಳೆತ ಗೊಬ್ಬರ, ಬೇವಿನ ಹಿಂಡಿ ಹಾಕಿ, ಬಿದ್ದ ಎಲೆಗಳನ್ನೇ ಮೇಲೆ ಹೊದಿಸಿ. ಬುಡಕ್ಕೆ ಒತ್ತಿ ಸುರಿಯಬೇಡಿ. ಕೊಳೆತ ಹಣ್ಣು ಮಾತ್ರ ಅಲ್ಲಿರಬಾರದು, ಹಣ್ಣುನೊಣದ ಹುಳ ಮಣ್ಣಿನಲ್ಲೇ ಕೋಶ ಕಟ್ಟುತ್ತದೆ. ಆರಿಸಿ ಆಳವಾಗಿ ಹೂಳಿ.

ಯಾರ ಕೈಯಲ್ಲಿ ಮಾಡಿಸುವುದು?

ನೆಲದ ಮೇಲೆ ನಿಂತು ಕೈಗೆಟಕುವುದನ್ನೆಲ್ಲ ನೀವೇ ಮಾಡಿ. ಒಂದು ಒಳ್ಳೆಯ ಕತ್ತರಿ, ಮಡಚುವ ಗರಗಸ ಸಾಕು, ಕೃಷಿ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತವೆ. ಏಣಿ ಬೇಕಾದ ಕೆಲಸ, ಅದರಲ್ಲೂ ಮಾವು ಏರುವುದು, ನುರಿತವರಿಗೇ ಬಿಡಿ. ಪೇರಲದ ಟೊಂಗೆ ಬಾಗುತ್ತದೆ, ಮಾವಿನದು ಹೇಳದೆ ಕೇಳದೆ ಮುರಿಯುತ್ತದೆ. ಭಾರದ ಟೊಂಗೆಗೆ ಹಗ್ಗ ಕಟ್ಟಿಸಿ ಇಳಿಸಿ. ಕರೆಂಟಿನ ತಂತಿ ಸಮೀಪ ಇದ್ದರೆ ಹೆಸ್ಕಾಂಗೆ ತಿಳಿಸಿ ಲೈನು ಬಂದ್ ಮಾಡಿಸದೆ ಗರಗಸ ಮುಟ್ಟಬೇಡಿ. ಹಕ್ಕಿಗೂಡು ಇದ್ದರೆ ಒಂದು ತಿಂಗಳು ತಡೆಯಿರಿ, ಏನೂ ಮುಳುಗಿಹೋಗುವುದಿಲ್ಲ.

ಇನ್ನೊಂದು: ಗಿಡ ನಮ್ಮದೇ, ಹಿತ್ತಲೂ ನಮ್ಮದೇ ಎಂದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವಿನಾಯಿತಿ ಪಡೆದ ಜಾತಿಗಳ ಪಟ್ಟಿಯೂ ಇದೆ. ದೊಡ್ಡ ಕಡಿತಕ್ಕೆ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಗಿಡದ ರೋಗದ ಬಗ್ಗೆ ಸಂಶಯವಿದ್ದರೆ ತಾಲ್ಲೂಕು ತೋಟಗಾರಿಕೆ ಕಚೇರಿ, ಗೋಕಾಕ ಕಡೆಯ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು, ಬೈಲಹೊಂಗಲ ಕಡೆಯವರಿಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇವೆ. ಎಲೆ, ಟೊಂಗೆಯ ತುಂಡು ಒಯ್ದು ತೋರಿಸಿ. ಬಾಯಿಮಾತಿನಲ್ಲಿ ಹೇಳಿದರೆ ಅವರಿಗೂ ಗೊತ್ತಾಗುವುದಿಲ್ಲ.

ಅವ್ವನ ಗಿಡದಲ್ಲಿ 2019ರಲ್ಲಿ ಮೊದಲು ಇಳಿಸಿದ ಟೊಂಗೆ 2023ರ ಬೇಸಿಗೆಯಲ್ಲಿ ಕಾಯಿ ಬಿಟ್ಟಿತು. ರಾಶಿಯೇನಲ್ಲ, ಒಂದು ಬುಟ್ಟಿ. ಆದರೆ ಅವ್ವ ನೆಲದ ಮೇಲೆ ನಿಂತು, ಗಿಡ್ಡ ಝೇಲಾದಿಂದ ತೊಟ್ಟು ಸಮೇತ ತಾನೇ ಇಳಿಸಿದಳು. ಮೊದಲು ಹರೆಯದ ಹುಡುಗರನ್ನು ಕಾಡಿಬೇಡಿ ಏರಿಸಬೇಕಿತ್ತು, ಅರ್ಧ ಕಾಯಿ ಬಿದ್ದು ಒಡೆಯುತ್ತಿದ್ದವು. ಕಡಿದ ಟೊಂಗೆಯ ಗಟ್ಟಿ ಭಾಗದಿಂದ ಬಡಿಗೇರನ ಕೈಯಲ್ಲಿ ಎರಡು ಮಣೆ ಮಾಡಿಸಿಕೊಂಡಿದ್ದಾಳೆ. ಒಂದು ನನಗೆ, ಒಂದು ವೈನಿಗೆ.

ಉಳಿದಿರುವುದು ಪಡುವಣದ ಒಂದು ಟೊಂಗೆ. ಅದು ಬಚ್ಚಲಮನೆಯ ಮೇಲಿದೆ. ಈಚೆಗೆ ಫೋನಿನಲ್ಲಿ ಅವ್ವನೇ ಕೇಳಿದಳು, ‘ಆ ಟೊಂಗಿ ಯಾವಾಗ ತಗಸ್ತಿ? ಮಳಿ ಹತ್ರ ಬಂತು.’

‘ಈಗ ಬ್ಯಾಡವಾ. ಹೊರೆ ಇಳೀಲಿ ಅಂತ ಸಣ್ಣ ಟೊಂಗಿ ಅಷ್ಟ ತಗಸೂಣು. ದೊಡ್ಡದು ದೀಪಾವಳಿ ಆದಮ್ಯಾಲೆ’ ಎಂದೆ.

‘ಹೂಂ, ಹಂಗಾರ ಮಳಿಗಾಲ ಮುಗಿಯೂತನಾ ನಾ ಆ ಬಚ್ಚಲಕ್ಕ ಹೋಗಂಗಿಲ್ಲ ಬಿಡು’ ಎಂದಳು. ಮರುದಿನವೇ ನೀರಿನ ಹಂಡೆ ಈಚೆಗೆ ತರಿಸಿಕೊಂಡಳಂತೆ.